ತೋಟದ ಮನೆಗೆ ಬಂದ ನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮನೆಯಿದೆ. ಮನೆಯ ಮುಂದೆ ಅಂಗಳ, ಅಂಗಳದ ಕೆಳಗೆ ನಾಲ್ಕು ಎಕರೆ ಅಡಿಕೆ ತೋಟ, ಹಿಂದೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದಕ್ಕೆ ತಾಗಿಕೊಂಡೇ ಕಾಡು. 2018ರ ನವೆಂಬರ್‌ನಲ್ಲಿ, ಅಡಿಕೆ ಸುಲಿತದ ನಡುವೆ, ಬೆಂಗಳೂರಿನ ಒಂದು ಆಶ್ರಯಧಾಮದಿಂದ ಎರಡು ವರ್ಷದ ಹೆಣ್ಣು ನಾಯಿಯೊಂದನ್ನು ಮನೆಗೆ ತಂದೆವು. ಮೈಬಣ್ಣ ನೋಡಿ ಅಜ್ಜಿ ಅವಳಿಗೆ ಕೆಂಚಿ ಎಂದು ಹೆಸರಿಟ್ಟರು. ಅಂದಿನಿಂದ ನೆಂಟರು, ಊರಿನವರು, ನಾಯಿಯನ್ನು ದತ್ತು ತೆಗೆದುಕೊಳ್ಳುವ ಯೋಚನೆಯಲ್ಲಿರುವವರು, ಊರಿಗೆ ಮರಳಿ ತೋಟ ನೋಡಿಕೊಳ್ಳಲು ಹೊರಟವರು ಕೇಳುತ್ತಲೇ ಬಂದಿರುವ ಪ್ರಶ್ನೆಗಳಿಗೆ, ಈ ವರ್ಷಗಳಲ್ಲಿ ಕಲಿತದ್ದನ್ನು ಆಧರಿಸಿ ಇಲ್ಲಿ ಉತ್ತರ ಬರೆದಿದ್ದೇವೆ. ಚಿಕಿತ್ಸೆಯ ವಿಷಯದಲ್ಲಿ ಕೊನೆಯ ಮಾತು ಪಶುವೈದ್ಯರದ್ದೇ.

ಹಳ್ಳಿಯಲ್ಲಿ ಬೇಕಾದಷ್ಟು ಮರಿಗಳು ಸಿಗುವಾಗ ಬೆಂಗಳೂರಿನಿಂದ ತಂದದ್ದೇಕೆ?

ತಂಗಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಭಾನುವಾರಗಳಂದು ಆ ಆಶ್ರಯಧಾಮಕ್ಕೆ ಹೋಗಿ ನಾಯಿಗಳಿಗೆ ಸ್ನಾನ ಮಾಡಿಸಿ, ಊಟ ಹಾಕಿ ಬರುತ್ತಿದ್ದಳು. ಒಂದು ವರ್ಷದಿಂದ ಯಾರೂ ಒಯ್ಯದೆ ಉಳಿದಿದ್ದ ಕೆಂಚಿಯನ್ನು ತಂಗಿಗೆ ಬಿಟ್ಟು ಬರಲಾಗಲಿಲ್ಲ, ಅದೇ ಕಾರಣ. ಆದರೆ ಬೆಳೆದ ನಾಯಿಯನ್ನು ತರುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಮರಿಯಾದರೆ ಮುಂದೆ ಹೇಗಾಗುತ್ತದೆಂದು ಹೇಳಲು ಬರುವುದಿಲ್ಲ. ಎರಡು ವರ್ಷದ ನಾಯಿಯ ಸ್ವಭಾವ, ಗಾತ್ರ, ಮಕ್ಕಳೊಂದಿಗೆ ಮತ್ತು ಬೇರೆ ನಾಯಿಗಳೊಂದಿಗೆ ಅದು ನಡೆದುಕೊಳ್ಳುವ ರೀತಿ ಎಲ್ಲವೂ ಅದನ್ನು ನೋಡಿಕೊಂಡವರಿಗೆ ಗೊತ್ತಿರುತ್ತದೆ.

ಊರಿನ ಮರಿಯನ್ನೇ ಸಾಕಬೇಕೆನ್ನುವವರಿಗೆ ಒಂದು ವಿನಂತಿಯಿದೆ. ನಮ್ಮ ಕಡೆ ಗಂಡು ಮರಿಗಳನ್ನು ಮನೆಮನೆಯವರು ಕೇಳಿ ಒಯ್ಯುತ್ತಾರೆ, ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ರಸ್ತೆಯ ತಿರುವಿನಲ್ಲೋ ಸಂತೆಯ ಹತ್ತಿರವೋ ಬಿಟ್ಟು ಬರುತ್ತಾರೆ. ಅಂಥ ಒಂದು ಹೆಣ್ಣು ಮರಿಯನ್ನು ತಂದು, ಆರು ತಿಂಗಳಾದ ಮೇಲೆ ವೈದ್ಯರನ್ನು ಕೇಳಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ, ಬೆದೆಗೆ ಬಂದೀತು, ಮರಿ ಹಾಕೀತು ಎಂಬ ಚಿಂತೆ ಅಲ್ಲಿಗೇ ಮುಗಿಯುತ್ತದೆ.

ಕಿವಿಯ ತುದಿಯನ್ನು ಯಾರು ಕತ್ತರಿಸಿದ್ದು?

ಅದು ಗಾಯವಲ್ಲ, ಗುರುತು. ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ರೇಬೀಸ್ ಲಸಿಕೆ ಹಾಕಿದ ಮೇಲೆ, ಮತ್ತೆ ಅದೇ ನಾಯಿಯನ್ನು ಹಿಡಿಯದಿರಲೆಂದು, ಅರಿವಳಿಕೆಯಲ್ಲಿರುವಾಗಲೇ ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಮಾಡುತ್ತಾರೆ.

ಅವಳು ಯಾವ ಜಾತಿ? ತೋಟಕ್ಕೆ ಮುಧೋಳ ನಾಯಿ ಒಳ್ಳೆಯದಲ್ಲವೇ?

ಕೆಂಚಿ ನಾಡುನಾಯಿ. ಯಾರೂ ಆರಿಸಿ ಬೆಳೆಸದೆ, ಈ ನೆಲದ ಬಿಸಿಲು, ಮಳೆ, ಹಸಿವುಗಳಲ್ಲಿ ಉಳಿದು ಬಂದ ತಳಿ. ಹದಿನಾರು ಕಿಲೋ ತೂಕ, ಗಿಡ್ಡ ಕೂದಲು, ನಿಮಿರಿದ ಕಿವಿ, ಬೆನ್ನ ಮೇಲೆ ಸುರುಳಿಯಾಗುವ ಬಾಲ. ಮುಧೋಳ ನಮ್ಮ ರಾಜ್ಯದ ಹೆಮ್ಮೆಯ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ತಂದಿತು. ಆದರೆ ಅದು ಬಾಗಲಕೋಟೆ ಕಡೆಯ ಬಯಲುಸೀಮೆಯಲ್ಲಿ, ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟಿ ಹಿಡಿಯಲೆಂದು ಬೆಳೆದ ನಾಯಿ. ತೆಳು ಚರ್ಮದ, ಓಟವೇ ಉಸಿರಾದ ಆ ನಾಯಿಯನ್ನು ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ, ಹತ್ತು ಹೆಜ್ಜೆಗೊಂದು ಕಾದಿಗೆ (ನೀರು ಬಸಿಯುವ ಕಾಲುವೆ) ಇರುವ ಅಡಿಕೆ ತೋಟಕ್ಕೆ ತರುವುದು ಅದಕ್ಕೆ ಒಳ್ಳೆಯದೆಂದು ನಮಗೆ ತೋರುವುದಿಲ್ಲ.

ಪೇಟೆಯ ನಾಯಿ ಹಳ್ಳಿಗೆ ಹೊಂದಿಕೊಳ್ಳಲು ಎಷ್ಟು ಕಾಲ ಬೇಕು?

ದತ್ತು ಕೊಡುವವರು ಸಾಮಾನ್ಯವಾಗಿ ಒಂದು ಲೆಕ್ಕ ಹೇಳುತ್ತಾರೆ: ಹೆದರಿಕೆ ಇಳಿಯಲು ಮೂರು ದಿನ, ಮನೆಯ ರೂಢಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎಂದುಕೊಳ್ಳಲು ಮೂರು ತಿಂಗಳು. ನಮ್ಮಲ್ಲಿ ಮೊದಲ ಹಂತಕ್ಕೇ ಹನ್ನೊಂದು ದಿನ ಹಿಡಿಯಿತು. ಕೆಂಚಿಗೆ ವಾಹನಗಳ ಸದ್ದು ಏನೂ ಅನ್ನಿಸುತ್ತಿರಲಿಲ್ಲ, ಆದರೆ ತೋಟದಲ್ಲಿ ಒಣಗಿದ ಅಡಿಕೆ ಸೋಗೆ (ಗರಿ) ಹಾಳೆಯ ಸಮೇತ ಕಳಚಿ ನೆಲಕ್ಕೆ ಬಡಿಯುವ ಸದ್ದಿಗೆ ಅವಳ ಮೈಯೆಲ್ಲ ನಡುಗುತ್ತಿತ್ತು. ದನ ಕೂಗಿದರೆ ಜಗಲಿಯ ಮೂಲೆಗೆ ಸರಿದು, ಗೋಡೆಗೆ ಬೆನ್ನು ಒತ್ತಿಕೊಂಡು ಕೂರುತ್ತಿದ್ದಳು. ಎರಡು ದಿನ ಅನ್ನವನ್ನು ಮೂಸಿ ನೋಡಿ ಬಿಟ್ಟಳು.

ಆಗ ನಮ್ಮ ನೆರವಿಗೆ ಬಂದದ್ದು ಅಡಿಕೆ ಸುಲಿತ. ರಾತ್ರಿ ಊಟವಾದ ಮೇಲೆ ಹೆಂಗಸರು ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಹನ್ನೊಂದರವರೆಗೆ ಸುಲಿಯುತ್ತಿದ್ದರು. ಯಾರೂ ಅವಳನ್ನು ಕರೆಯಲಿಲ್ಲ, ಮುಟ್ಟಲಿಲ್ಲ, ತಮ್ಮ ಪಾಡಿಗೆ ಮಾತಾಡುತ್ತ ಕೆಲಸ ಮಾಡಿದರು. ಮೊದಲ ರಾತ್ರಿ ದೂರದಿಂದ ನೋಡಿದಳು, ನಾಲ್ಕನೆಯ ರಾತ್ರಿ ಸಿಪ್ಪೆಯ ರಾಶಿಯವರೆಗೆ ಬಂದಳು, ಹನ್ನೊಂದನೆಯ ರಾತ್ರಿ ಆ ಸಿಪ್ಪೆಯನ್ನೇ ಕೆರೆದು ಗೂಡು ಮಾಡಿಕೊಂಡು, ಅಜ್ಜಿಯ ಸೀರೆಯ ಸೆರಗಿನ ಮೇಲೆ ಮೂತಿಯಿಟ್ಟು ನಿದ್ದೆ ಹೋದಳು. ಸೆರಗು ಎಳೆದುಕೊಂಡರೆ ಎಚ್ಚರವಾದೀತೆಂದು ಅಜ್ಜಿ ಅರ್ಧ ಗಂಟೆ ಏಳದೆ ಕುಳಿತಿದ್ದರು.

ಹೊಸ ನಾಯಿಯನ್ನು ತಂದ ಮೊದಲ ತಿಂಗಳು ಅದನ್ನು ಹಗ್ಗವಿಲ್ಲದೆ ಬಿಡಲೇಬೇಡಿ. ಹೆದರಿದ ನಾಯಿ ಓಡಿದರೆ ಅದಕ್ಕೆ ಮರಳಿ ಬರುವ ದಾರಿ ಗೊತ್ತಿರುವುದಿಲ್ಲ, ಕಾಡಂಚಿನಲ್ಲಿ ಅದು ಒಂದು ರಾತ್ರಿ ಬದುಕುವುದೂ ಕಷ್ಟ. ನಾವು ಹತ್ತು ಮೀಟರ್ ಉದ್ದದ ನೂಲಿನ ಹಗ್ಗ ಕಟ್ಟಿ, ದಿನಕ್ಕೆ ಎರಡು ಸಲ ಅದೇ ದಾರಿಯಲ್ಲಿ, ಅಂಗಳದಿಂದ ಕೆರೆಯ ದಂಡೆಗೆ, ಅಲ್ಲಿಂದ ದಣಪೆಯವರೆಗೆ (ಬೇಲಿಯ ಗಳದ ಗೇಟಿನವರೆಗೆ) ಹೋಗಿ ಬರುತ್ತಿದ್ದೆವು. ಕರೆದಾಗ ಬಂದರೆ ಒಂದು ತುಂಡು ಬೆಲ್ಲವಿಲ್ಲದ ದೋಸೆ. ಆರು ವಾರದ ನಂತರ ಹಗ್ಗ ಬಿಚ್ಚಿದಾಗ ಅವಳು ಅದೇ ದಾರಿಯಲ್ಲಿ ಓಡಿ, ಅದೇ ದಣಪೆಯ ಹತ್ತಿರ ನಿಂತು, ನಮ್ಮ ಕಡೆ ತಿರುಗಿ ನೋಡಿದಳು.

ದನ, ಕೋಳಿಗಳ ಗತಿ?

ಪರಿಚಯ ನಿಧಾನವಾಗಿ ಆಗಬೇಕು, ಹಗ್ಗದಲ್ಲಿರುವಾಗಲೇ ಆಗಬೇಕು. ಕೊಟ್ಟಿಗೆಯ ಗೌರಿ ಎಂಬ ಹಸು ಒಂದು ಸಲ ಕೊಂಬು ತಗ್ಗಿಸಿ ಬೆದರಿಸಿದ್ದೇ ಸಾಕಾಯಿತು. ಕೋಳಿಗಳ ವಿಷಯ ಹಾಗಲ್ಲ: ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ, ಪಕ್ಕದ ಮನೆಯ ಎರಡು ಕೋಳಿಗಳಿಗೆ ನಾವು ದುಡ್ಡು ತೆತ್ತಿದ್ದೇವೆ. ಕೇಳಿದೊಡನೆ ಕೊಟ್ಟದ್ದರಿಂದ ನೆರೆಹೊರೆ ಕೆಡಲಿಲ್ಲ. ಕಚ್ಚುವ ನಾಯಿಯನ್ನು ಎಚ್ಚರಿಕೆಯಿಂದ ಇಟ್ಟುಕೊಳ್ಳುವುದು ಒಡೆಯನ ಕಾನೂನಿನ ಹೊಣೆಯೂ ಹೌದು, ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಇದಕ್ಕೆಂದೇ ಇದೆ.

ಏನು ಊಟ ಹಾಕುತ್ತೀರಿ? ಸಸ್ಯಾಹಾರಿಗಳ ಮನೆಯಲ್ಲಿ ನಾಯಿ ಚೆನ್ನಾಗಿರುತ್ತದೆಯೇ?

ನಮ್ಮದು ಸಸ್ಯಾಹಾರಿ ಮನೆ. ಬರೀ ಅನ್ನ ಮಜ್ಜಿಗೆ ಹಾಕಿ ಸಾಕಿದ ಹಿಂದಿನ ನಾಯಿಗಳು ಬೇಗ ಸೊರಗುತ್ತಿದ್ದದ್ದು ನಮಗೆ ಚೆನ್ನಾಗಿ ನೆನಪಿದೆ. ಆಗ ಅದಕ್ಕೆ ವಯಸ್ಸು ಕಾರಣವೆಂದುಕೊಂಡಿದ್ದೆವು. ನಾಯಿಗೆ ಪ್ರೋಟೀನ್ ಬೇಕೇ ಬೇಕು. ಹಾಗಾಗಿ ಬಚ್ಚಲ ಒಲೆಯ ಪಕ್ಕ ಇನ್ನೊಂದು ಸಣ್ಣ ಒಲೆ ಹೂಡಿ, ಕೆಂಚಿಗೆಂದೇ ಇರುವ ಪಾತ್ರೆಯಲ್ಲಿ ದಿನಕ್ಕೆ ಎರಡು ಮೊಟ್ಟೆ ಬೇಯಿಸುತ್ತೇವೆ. ಬೆಳಿಗ್ಗೆ ರಾಗಿ ಅಂಬಲಿಗೆ ಒಂದು ಮೊಟ್ಟೆ, ಸಂಜೆ ಅನ್ನ, ಬೆಂದ ಸಿಹಿಗುಂಬಳ ಅಥವಾ ಕ್ಯಾರೆಟ್, ಉಪ್ಪು ಹಾಕದ ಬೇಳೆ, ಇನ್ನೊಂದು ಮೊಟ್ಟೆ, ಜೊತೆಗೆ ಒಂದು ಹಿಡಿ ಪೇಟೆಯ ಸಿದ್ಧ ಆಹಾರ. ಹಾಲು ಕುಡಿಸಿದರೆ ಅವಳಿಗೆ ಭೇದಿಯಾಗುತ್ತದೆ, ಬೆಳೆದ ಅನೇಕ ನಾಯಿಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಮೊಸರು ಒಗ್ಗುತ್ತದೆ.

ಮಾಂಸಾಹಾರಿಗಳ ಮನೆಯಲ್ಲಿ ಊಟ ಸುಲಭ, ಆದರೆ ಅಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಬೆಂದ ಮೂಳೆ ಸೀಳಿ ಚೂಪಾಗಿ ಕರುಳನ್ನು ಚುಚ್ಚುತ್ತದೆ. ಕುರಿ ಕೋಣಗಳ ಹಸಿ ಯಕೃತ್ತು, ಶ್ವಾಸಕೋಶಗಳನ್ನು ಎಸೆದರೆ ಲಾಡಿಹುಳು ನಾಯಿಯ ಹೊಟ್ಟೆ ಸೇರಿ, ಅದರ ಮೊಟ್ಟೆಗಳು ಮನುಷ್ಯರಿಗೂ ದಾಟುತ್ತವೆ. ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ಕೊಡಿಸಬೇಕು.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷವೆಂದು ಈಗ ಬಹಳ ಜನರಿಗೆ ಗೊತ್ತು. ತೋಟದವರು ಇನ್ನೆರಡನ್ನು ಸೇರಿಸಿಕೊಳ್ಳಬೇಕು. ಅಡಿಕೆಯ ನಡುವೆ ಕೋಕೋ ಬೆಳೆಸಿದವರು ಒಡೆದ ಕಾಯಿ, ಒಣಗಲು ಹಾಕಿದ ಬೀಜ ನಾಯಿಗೆ ಸಿಗದಂತೆ ಇಡಬೇಕು, ಏಕೆಂದರೆ ಚಾಕೊಲೇಟಿನಲ್ಲಿ ನಾಯಿಗೆ ಮುಳುವಾಗುವ ಥಿಯೋಬ್ರೋಮಿನ್ ಬರುವುದೇ ಆ ಬೀಜದಿಂದ. ಎರಡನೆಯದು ಅಡಿಕೆ. ಅಡಿಕೆಯ ಸಾರವಾದ ಅರೆಕೋಲಿನ್ ಅನ್ನು ಹಿಂದೆ ಹಲವು ದೇಶಗಳಲ್ಲಿ ನಾಯಿಯ ಲಾಡಿಹುಳು ಬೀಳಿಸುವ ಔಷಧವಾಗಿ ಬಳಸುತ್ತಿದ್ದರು. ಈ ಸಂಗತಿಯನ್ನು ಅರ್ಧ ಕೇಳಿದವರು ಮನೆಯಲ್ಲೇ ಅಡಿಕೆ ಪುಡಿ ತಿನ್ನಿಸಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಜೊಲ್ಲು, ವಾಂತಿ, ಭೇದಿ, ನಡುಕ ತರುತ್ತದೆ. ಹುಳಕ್ಕೆ ಈಗ ಅದಕ್ಕಿಂತ ಎಷ್ಟೋ ನಿರಪಾಯದ ಮಾತ್ರೆಗಳಿವೆ.

ಮನೆಯಲ್ಲಿ ಹಿರಿಯರು ಮಡಿ ಮಾಡುತ್ತಾರೆ. ನಾಯಿಯನ್ನು ಒಪ್ಪಿದರೇ?

ಅಜ್ಜಿ ಮೊದಲ ದಿನವೇ ಗಡಿ ಹಾಕಿದರು: ಜಗಲಿ, ಚಪ್ಪರ, ಬಚ್ಚಲ ಕಡೆಯ ಪಡಸಾಲೆ ಕೆಂಚಿಯದ್ದು, ಅಡುಗೆಮನೆ, ದೇವರ ಕೋಣೆ ಅವಳದ್ದಲ್ಲ. ನಾಯಿಗೆ ಗಡಿ ಕಲಿಸುವುದು ಕಷ್ಟವಲ್ಲ, ಮನೆಯವರೆಲ್ಲ ಒಂದೇ ಗಡಿಯನ್ನು ಪಾಲಿಸುವುದು ಕಷ್ಟ. ಒಬ್ಬರು ಒಳಗೆ ಕರೆದು ಇನ್ನೊಬ್ಬರು ಗದರಿಸಿದರೆ ಅದಕ್ಕೆ ದಿಕ್ಕು ತೋಚುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಅಜ್ಜಿಯ ಮಾತು ನಡೆಸಿದೆವು, ಹದಿನೈದು ದಿನದಲ್ಲಿ ಅವಳು ಹೊಸ್ತಿಲ ಹೊರಗೆ ಮುಂಗಾಲು ಜೋಡಿಸಿ ಮಲಗುವುದನ್ನು ಕಲಿತಳು. ಧರ್ಮರಾಯ ತನ್ನ ಜೊತೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲವೆಂದ ಕಥೆಯನ್ನು ಅಜ್ಜಿ ಹೊಸ್ತಿಲ ಒಳಗೆ ಕುಳಿತು ಬತ್ತಿ ಹೊಸೆಯುತ್ತ ಅವಳಿಗೇ ಹೇಳುತ್ತಿದ್ದರು.

ರಾತ್ರಿ ತೋಟ ಕಾಯಲು ಬಿಡುತ್ತೀರಾ?

ಇಲ್ಲ. ಈ ಉತ್ತರ ಅನೇಕರಿಗೆ ಹಿಡಿಸುವುದಿಲ್ಲ, ಆದರೂ ಇದರಲ್ಲಿ ರಾಜಿಯಿಲ್ಲ. ಸೂರ್ಯ ಮುಳುಗಿದ ಮೇಲೆ ಕೆಂಚಿ ಪಡಸಾಲೆಯೊಳಗೆ, ಬಾಗಿಲು ಹಾಕಿದ ಜಾಗದಲ್ಲಿ ಮಲಗುತ್ತಾಳೆ. ಮಲೆನಾಡಿನಲ್ಲಿ ಮನೆಮುಂದೆ ಕಟ್ಟಿದ ನಾಯಿಯನ್ನು ಚಿರತೆ ಒಯ್ದ ಕಥೆ ಇಲ್ಲದ ಊರು ಇಲ್ಲ. ಮಹಾರಾಷ್ಟ್ರದ ಅಕೋಲೆ ಭಾಗದ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆಯನ್ನು ಸಂಶೋಧಕರು ಪರೀಕ್ಷಿಸಿದಾಗ, ಅವುಗಳ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಗಳದ್ದೇ ಆಗಿತ್ತು. ಕಟ್ಟಿಹಾಕಿದ ನಾಯಿಗೆ ಓಡುವ ದಾರಿಯೂ ಇಲ್ಲ. ಅದನ್ನು ರಾತ್ರಿಯೆಲ್ಲ ಸರಪಳಿಯಲ್ಲಿ ಹೊರಗೆ ಬಿಡುವುದೆಂದರೆ ಚಿರತೆಯನ್ನು ಮನೆಬಾಗಿಲಿಗೆ ಕರೆದಂತೆ; ನಾಯಿಯ ರುಚಿಗೆ ಅಂಗಳಕ್ಕೆ ಬರಲು ಕಲಿತ ಚಿರತೆಯಿಂದ ಮನೆಯ ಮಕ್ಕಳಿಗೂ ಅಪಾಯ.

ಒಳಗೆ ಮಲಗಿದ ನಾಯಿ ಕಾವಲಿಗೆ ಬರುವುದಿಲ್ಲವೆಂದು ತಿಳಿಯಬೇಡಿ. ಹಂದಿ ತೋಟಕ್ಕಿಳಿದರೆ ಅವಳು ಒಳಗಿನಿಂದಲೇ ತಿಳಿಸುತ್ತಾಳೆ. ನಾವು ಎದ್ದು ಲೈಟು ಹಾಕಿ ತಗಡು ಬಡಿಯುತ್ತೇವೆ. ಕೂಗುವುದು ಅವಳ ಕೆಲಸ, ಹೊರಗೆ ಹೋಗುವುದು ನಮ್ಮದು.

ತೋಟದ ಔಷಧಗಳಿಂದ ಅಪಾಯವಿದೆಯೇ?

ಇದೆ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆಂದು ಬೋರ್ಡೊ ದ್ರಾವಣ ತಯಾರಿಸುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿದ ಡ್ರಮ್ಮುಗಳು ಅಂಗಳದಲ್ಲೇ ನಿಂತಿರುತ್ತವೆ. ಮೈಲುತುತ್ತ ಕರಗಿದ ನೀರನ್ನು ಬಾಯಾರಿದ ನಾಯಿ ನೆಕ್ಕಿದರೆ ಹೊಟ್ಟೆ, ಕರುಳು, ಯಕೃತ್ತಿಗೆ ಹಾನಿಯಾಗುತ್ತದೆ. ಔಷಧ ಹೊಡೆಯುವ ದಿನ ಕೆಂಚಿಯನ್ನು ಹಿತ್ತಿಲ ಕಡೆ ಕಟ್ಟಿರುತ್ತೇವೆ, ಅವಳ ನೀರಿನ ಬೋಗುಣಿ ಎರಡು ಸಲ ತುಂಬುತ್ತದೆ, ಡ್ರಮ್ಮು ತೊಳೆದ ನೀರು ಅವಳು ಕುಡಿಯುವ ಕಾದಿಗೆಗೆ ಹೋಗುವುದಿಲ್ಲ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ಇನ್ನೂ ಕೆಟ್ಟದ್ದು. ಅದರ ವಾಸನೆಗೆ ನಾಯಿಗಳು ತಾವಾಗಿ ಹೋಗಿ ತಿನ್ನುತ್ತವೆ, ತಿಂದ ಕೆಲವು ಗಂಟೆಗಳಲ್ಲೇ ಸೆಳೆತ ಶುರುವಾಗುತ್ತದೆ. ಇಲಿ ಪಾಷಾಣವನ್ನಂತೂ ನಾವು ಮನೆಗೆ ತರುವುದನ್ನೇ ಬಿಟ್ಟು ಬೋನು ಇಡುತ್ತಿದ್ದೇವೆ.

ನಾಯಿಯ ಮೈಯಲ್ಲಿ ಉಣುಗು (ಉಣ್ಣೆ) ಇದ್ದರೆ ಮಂಗನ ಕಾಯಿಲೆ ಬರುತ್ತದೆಯೇ?

ಇದು ನಮ್ಮ ಸೀಮೆಯ ಪ್ರಶ್ನೆ, ಇದನ್ನು ಭಯದಿಂದ ಕೇಳುವವರಿಗೆ ಕಾರಣವಿದೆ. ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಈ ವೈರಾಣು ಜ್ವರ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೊರಜಗತ್ತು ಅದನ್ನು ಇಂದಿಗೂ ಆ ಕಾಡಿನ ಹೆಸರಿನಿಂದಲೇ ಕರೆಯುತ್ತದೆ. ಕೆಂಚಿ ಬಂದ ಮರುತಿಂಗಳೇ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತ ಕಾಯಿಲೆ ಹಬ್ಬಿ ಜನ ಸತ್ತರು. ಆ ಬೇಸಿಗೆ ಯಾರೂ ದರಕು (ಉದುರಿದ ಒಣ ಎಲೆ) ಗುಡಿಸಲು ಬೆಟ್ಟಕ್ಕೆ ಹೋಗಲಿಲ್ಲ. ನಾಯಿಯನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಮಾತು ನಮ್ಮ ಮನೆಯಲ್ಲೂ ಬಂತು.

ಕಾಯಿಲೆ ಹರಡುವುದು ಕಾಡಿನ ಉಣುಗು ಕಚ್ಚುವುದರಿಂದ. ನವೆಂಬರಿನಿಂದ ಮೇವರೆಗೆ, ಎಲೆ ಉದುರಿ ನೆಲ ಒಣಗಿದಾಗ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗುಗಳು ದರಕಿನಲ್ಲಿ ತುಂಬಿರುತ್ತವೆ. ನಾಯಿಯ ಮೈಮೇಲೆ ಕಾಣುವ ಉಣುಗು ಹೆಚ್ಚಾಗಿ ನಾಯಿಗೇ ಮೀಸಲಾದ ಕಂದು ಬಣ್ಣದ ಬೇರೆ ಜಾತಿಯದ್ದು. ಅದು ನಾಯಿಗೆ ಉಣುಗು ಜ್ವರ ತರುತ್ತದೆ. ಆದರೆ ಕಾಡಿನಲ್ಲಿ ತಿರುಗಿ ಬಂದ ನಾಯಿ ಕಾಡಿನ ಉಣುಗನ್ನು ಕೂದಲಿನಲ್ಲಿ ಹೊತ್ತು ಜಗಲಿಗೆ ತರಬಹುದು ಎಂಬುದನ್ನು ಮರೆಯುವಂತಿಲ್ಲ. ಹೀಗಾಗಿ ಆ ಏಳು ತಿಂಗಳು ಕೆಂಚಿಗೆ ಬೆಟ್ಟದ ದಾರಿ ಬಂದ್. ವೈದ್ಯರು ಬರೆದುಕೊಟ್ಟ ಉಣುಗು ನಿವಾರಕ ಮಾತ್ರೆಯನ್ನು ತಪ್ಪದೆ ಕೊಡುತ್ತೇವೆ, ಪ್ರತಿ ಸಂಜೆ ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಬಾಲದ ಬುಡ, ಕುತ್ತಿಗೆ ಪಟ್ಟಿಯ ಅಡಿ ತಡವಿ ನೋಡುತ್ತೇವೆ. ಸಿಕ್ಕಿದ ಉಣುಗನ್ನು ಬೆರಳಿನಿಂದ ಹಿಸುಕಬಾರದು. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆದು ಸೋಪಿನ ನೀರಿಗೆ ಹಾಕಬೇಕು. ದನಕ್ಕೆ ಬಳಿಯುವ ಉಣುಗಿನ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಬಳಿದು ಕೊಂದವರಿದ್ದಾರೆ, ಅದನ್ನು ಮುಟ್ಟಬೇಡಿ.

ನಾಯಿ ಊಟ ಬಿಟ್ಟು, ಜ್ವರದಿಂದ ಮಂಕಾಗಿ, ಒಸಡು ಬಿಳಚಿಕೊಂಡರೆ ಅಥವಾ ಮೂಗಿನಿಂದ ರಕ್ತ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಉಣುಗು ಜ್ವರ ಬೇಗ ಗೊತ್ತಾದರೆ ವಾಸಿಯಾಗುತ್ತದೆ. ನಮ್ಮ ಕಡೆಯವರಿಗೆ ದೊಡ್ಡ ಪರೀಕ್ಷೆಗಳಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಆಸರೆ.

ಇಂಬಳ (ಜಿಗಣೆ)?

ಜೂನ್ ಬಂದೊಡನೆ ಕಾಲ್ಬೆರಳ ಸಂದಿನಲ್ಲಿ ಹತ್ತುತ್ತವೆ. ಉಪ್ಪು ಮುಟ್ಟಿಸಿದರೆ ಬಿಡುತ್ತವೆ. ಮೂಗಿನೊಳಗೆ ಹೊಕ್ಕರೆ ನಾಯಿ ಸೀನುತ್ತಲೇ ಇರುತ್ತದೆ, ಒಂದೇ ಹೊಳ್ಳೆಯಿಂದ ರಕ್ತ ಜಿನುಗುತ್ತದೆ. ಒಂದು ಆಗಸ್ಟಿನಲ್ಲಿ ಹೀಗಾದಾಗ, ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡರು ಹೇಳಿದಂತೆ ನಾಲ್ಕು ತಾಸು ನೀರು ಕೊಡದೆ, ಆಮೇಲೆ ತಣ್ಣೀರಿನ ಬೋಗುಣಿ ಮುಂದಿಟ್ಟೆವು. ಕೆಂಚಿ ಕುಡಿಯಲು ಮೂತಿ ಅದ್ದಿದಾಗ ಕಪ್ಪು ದಾರದಂಥ ತುದಿ ಹೊಳ್ಳೆಯಿಂದ ನೀರಿಗೆ ಚಾಚಿತು; ಚಿಮಟ ಹಿಡಿದು ಕಾದಿದ್ದ ಅಪ್ಪ ಮೂರನೆಯ ಪ್ರಯತ್ನದಲ್ಲಿ ಅದನ್ನು ಹಿಡಿದರು. ಹೀಗೆ ಸಿಗದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು, ಮೂಗಿಗೆ ಉಪ್ಪುನೀರು ಸುರಿಯಬಾರದು.

ಹಾವು ಕಚ್ಚಿದರೆ?

ಕಟ್ಟು ಕಟ್ಟುವುದು, ಗಾಯ ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಇವುಗಳಲ್ಲಿ ಒಂದು ನಿಮಿಷವೂ ಕಳೆಯದೆ, ನಾಯಿಯನ್ನು ನಡೆಸದೆ, ಎತ್ತಿಕೊಂಡು ಹೋಗಬೇಕು. ನಾಗರಹಾವು, ಕೊಳಕುಮಂಡಲ ಮೊದಲಾದ ನಾಲ್ಕು ಹಾವುಗಳ ವಿಷಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಆಗುತ್ತದೆ. ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಂದು ಮಳೆಗಾಲಕ್ಕೆ ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಊರ ನಾಯಿಗೆ ಲಸಿಕೆ ಏಕೆ ಬೇಕು?

ರೇಬೀಸಿನ ಲಕ್ಷಣ ಕಾಣಿಸಿದ ಮೇಲೆ ನಾಯಿಯೂ ಮನುಷ್ಯನೂ ಬದುಕುಳಿಯುವುದಿಲ್ಲವೆಂದೇ ಹೇಳಬೇಕು. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ವೈದ್ಯರು ಹೇಳಿದಾಗ ಎರಡನೆಯದು, ನಂತರ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಚಿಕಿತ್ಸಾಲಯಗಳಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಯಾವ ನಾಯಿ ಕಚ್ಚಿದರೂ, ನಿಮ್ಮದೇ ಮರಿ ಆಟಕ್ಕೆ ಕಚ್ಚಿದ್ದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ತೋಳಿನ ಸ್ನಾಯುವಿಗೆ ಕೊಡುವ ಚುಚ್ಚುಮದ್ದಾದರೆ 0, 3, 7, 14, 28ನೆಯ ದಿನಗಳಲ್ಲಿ, ನಡುವೆ ನಿಲ್ಲಿಸುವಂತಿಲ್ಲ.

ಗದ್ದೆ, ಕೆರೆ, ಇಲಿಗಳಿರುವ ಕಡೆ ಇಲಿಜ್ವರದ ಲಸಿಕೆಯೂ ಬೇಕು, ಅದು ಪಾರ್ವೊ, ಡಿಸ್ಟೆಂಪರ್ ಎಂಬ ವೈರಾಣು ರೋಗಗಳ ಲಸಿಕೆಗಳ ಜೊತೆಗೇ ಬರುತ್ತದೆ. ಡಿಸ್ಟೆಂಪರ್ ನಮ್ಮ ನಾಯಿಯ ವಿಷಯ ಮಾತ್ರವಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಹಲವುಗಳಲ್ಲಿ ಇದೇ ವೈರಾಣು ಪತ್ತೆಯಾಯಿತು. ನಮ್ಮ ಬೆಟ್ಟದಾಚೆ ಕೆನ್ನಾಯಿಗಳಿವೆ, ನರಿಗಳಿವೆ, ಅವಕ್ಕೆ ಲಸಿಕೆ ಹಾಕುವವರಿಲ್ಲ.

ಮಂಗ, ಹಂದಿಗಳನ್ನು ಓಡಿಸುತ್ತಾಳೆಯೇ?

ಹಗಲಿನಲ್ಲಿ ಮಂಗಗಳನ್ನು ಬಾಳೆಯಿಂದ ಓಡಿಸುತ್ತಾಳೆ. ಬೇಲಿ ದಾಟಿ ಅಟ್ಟಲು ನಾವು ಬಿಡುವುದಿಲ್ಲ. ಮೊಲ, ನವಿಲಿನ ಮರಿ, ಬರ್ಕ ಎಂಬ ಪುಟಾಣಿ ಜಿಂಕೆ ಇವು ಕಾಡಿನ ಜೀವಗಳು, ಅವುಗಳನ್ನು ನಾಯಿಯಿಂದ ಕಾಯುವುದೂ ನಾಯಿ ಸಾಕಿದವರ ಕರ್ತವ್ಯ.

ಬೇಲಿಯಾಚೆ ಬಿಡದಿರಲು ಇನ್ನೊಂದು ಕಾರಣವಿದೆ. 2021ರ ಡಿಸೆಂಬರಿನ ಒಂದು ಬೆಳಿಗ್ಗೆ ಕೆಂಚಿ ಕರೆದರೂ ಬರಲಿಲ್ಲ. ಎರಡು ತಾಸು ಹುಡುಕಿದ ಮೇಲೆ, ಮೂರು ತೋಟ ದಾಟಿ ಹಳ್ಳದ ದಿಬ್ಬದಲ್ಲಿ ಸಿಕ್ಕಳು. ಹಂದಿಗೆಂದು ಯಾರೋ ಬೈಕಿನ ಕ್ಲಚ್ ವೈರಿನಿಂದ ಒಡ್ಡಿದ ಉರುಳು ಅವಳ ಸೊಂಟಕ್ಕೆ ಬಿಗಿದಿತ್ತು. ಸುತ್ತಲಿನ ನೆಲ ಒಂದು ಸುತ್ತು ಮಾತ್ರ ಕೆರೆದಿತ್ತು. ಆಮೇಲೆ ಅವಳು ಎಳೆಯುವುದನ್ನು ನಿಲ್ಲಿಸಿ, ವೈರು ಸಡಿಲವಾಗಿರುವಂತೆ ಗೂಟದ ಹತ್ತಿರವೇ ಮಲಗಿದ್ದಳು. ನಮ್ಮನ್ನು ಕಂಡಾಗ ಬಾಲ ಅಲ್ಲಾಡಿಸಿದಳೇ ಹೊರತು ಏಳಲಿಲ್ಲ. ಚಿಕ್ಕಪ್ಪ ಕಟಿಂಗ್ ಪ್ಲೇಯರ್ ತರುವವರೆಗೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹನ್ನೆರಡು ಹೊಲಿಗೆ ಬಿದ್ದವು. ಉರುಳು, ಸಿಡಿಮದ್ದು, ಬೇಲಿಗೆ ನೇರ ಕರೆಂಟು ಕೊಡುವುದು, ಇವೆಲ್ಲ ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಇವಕ್ಕೆ ಬಲಿಯಾಗುವುದು ಹಂದಿ ಮಾತ್ರವಲ್ಲ, ಜಿಂಕೆ, ಚಿರತೆ, ದನ, ಮನುಷ್ಯರೂ ಹೌದು. ಊರಿನಲ್ಲಿ ಇದನ್ನು ಹೇಳಿದ್ದೇವೆ, ಹೇಳುತ್ತಲೇ ಇರುತ್ತೇವೆ.

ಅವಳು ಸಂತೋಷವಾಗಿದ್ದಾಳೆಂದು ಹೇಗೆ ಹೇಳುತ್ತೀರಿ?

ಮೈ ನೋಡಿ. ಹೆದರಿದ ನಾಯಿ ಮುದುಡಿ ಮಲಗುತ್ತದೆ, ಬಾಯಿ ಬಿಗಿಹಿಡಿದಿರುತ್ತದೆ, ಆಕಳಿಸುತ್ತಲೂ ತುಟಿ ನೆಕ್ಕುತ್ತಲೂ ಇರುತ್ತದೆ. ಕೆಂಚಿ ಈಗ ಬಿಸಿಲು ಬಿದ್ದ ಅಂಗಳದಲ್ಲಿ ಅಂಗಾತ ಮಲಗುತ್ತಾಳೆ. ಬೆಳಿಗ್ಗೆ ಅಪ್ಪ ಹಾಳೆಟೊಪ್ಪಿ ಹಾಕಿಕೊಂಡರೆ ಸಾಕು, ಅವಳು ಜಗಲಿಯಿಂದ ದಣಪೆಗೆ, ದಣಪೆಯಿಂದ ಜಗಲಿಗೆ ಮೂರು ಸಲ ಓಡುತ್ತಾಳೆ. ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಹಚ್ಚಂಬಲಿ (ಭೂಮಿಗೆ ಎಡೆಯಾಗಿ ಬೀರುವ ಸೊಪ್ಪಿನ ಅಂಬಲಿ) ಬೀರಲು ದೀಪ ಹಿಡಿದು ಹೊರಟವರ ಮುಂದೆ ಅವಳೇ ನಡೆಯುತ್ತಾಳೆ. ಮೊದಲ ವರ್ಷ ಭಯ ತರಿಸುತ್ತಿದ್ದ ಸೋಗೆ ಬಿದ್ದ ಸದ್ದಿಗೆ ಈಗ ಕಿವಿಯನ್ನೂ ತಿರುಗಿಸುವುದಿಲ್ಲ. ದೀಪಾವಳಿಯ ಪಟಾಕಿಗೆ ಮಾತ್ರ ಇಂದಿಗೂ ಹೆದರುತ್ತಾಳೆ, ಆ ಮೂರು ರಾತ್ರಿ ನಮ್ಮಲ್ಲಿ ಯಾರಾದರೊಬ್ಬರು ಅವಳ ಜೊತೆ ಪಡಸಾಲೆಯಲ್ಲಿ ಮಲಗುತ್ತೇವೆ.

ನಮ್ಮ ನಾಯಿಯನ್ನು ನಿಮ್ಮ ತೋಟದಲ್ಲಿ ಬಿಡಬಹುದೇ? ಅಲ್ಲಿ ಜಾಗವಿದೆಯಲ್ಲ.

ತಿಂಗಳಿಗೊಬ್ಬರಾದರೂ ಪೇಟೆಯಿಂದ ಕರೆ ಮಾಡಿ ಇದನ್ನು ಕೇಳುತ್ತಾರೆ. ಮನೆ ಬದಲಿಸುತ್ತಿದ್ದೇವೆ, ಮಗು ಹುಟ್ಟಿದೆ, ನಾಯಿ ದೊಡ್ಡದಾಯಿತು, ಹಳ್ಳಿಯಲ್ಲಾದರೆ ಆರಾಮವಾಗಿರುತ್ತದೆ ಎನ್ನುತ್ತಾರೆ. ಕೇಳದೆಯೇ ರಾತ್ರಿ ಕಾರಿನಲ್ಲಿ ತಂದು ಘಟ್ಟದ ರಸ್ತೆಯಲ್ಲಿ ಇಳಿಸಿ ಹೋದವರೂ ಇದ್ದಾರೆ. ಕುತ್ತಿಗೆ ಪಟ್ಟಿಯಿದ್ದ ಒಂದು ಲ್ಯಾಬ್ರಡಾರ್ ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಬಂದ ಕಾರುಗಳ ಬಾಗಿಲನ್ನೆಲ್ಲ ಮೂಸುತ್ತ ಒಂಬತ್ತು ದಿನ ಕಾದಿತ್ತು. ಸಾಕಿದ ಪ್ರಾಣಿಯನ್ನು ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಮೇಲಿನ ಉತ್ತರಗಳನ್ನು ಓದಿದವರಿಗೆ ನಮ್ಮ ಉತ್ತರ ಊಹಿಸಲು ಬರುತ್ತದೆ. ನಾಲ್ಕು ಎಕರೆಯಲ್ಲಿ ಚಿರತೆಯೂ ಇದೆ, ಉರುಳೂ ಇದೆ, ಉಣುಗೂ ಇದೆ. ಕೆಂಚಿಯನ್ನು ಸುಖವಾಗಿಟ್ಟಿರುವುದು ಆ ಜಾಗವಲ್ಲ, ಸಂಜೆ ಅವಳ ಕಿವಿ ತಡವುವ ಕೈ. ಒಂದು ನಾಯಿಗೆ ಆ ಕೈ ಕೊಡುವಷ್ಟು ನಮ್ಮ ಮನೆಯಲ್ಲಿ ಜನರಿದ್ದಾರೆ, ಎಂಟು ನಾಯಿಗೆ ಇಲ್ಲ. ನಿಮಗೆ ನಿಜವಾಗಿಯೂ ಸಾಕಲಾಗದ ಸ್ಥಿತಿ ಬಂದಿದ್ದರೆ ಬೇರೆ ಮನೆ ಹುಡುಕಲು ನ್ಯಾಯವಾಗಿ ಮೂರು ತಿಂಗಳಾದರೂ ಕೊಡಿ, ಲಸಿಕೆಯ ಪುಸ್ತಕವನ್ನು ಜೊತೆಗಿಡಿ, ಒಯ್ಯುವವರ ಮನೆಯನ್ನು ಕಣ್ಣಾರೆ ನೋಡಿ ಬನ್ನಿ. ಆ ಲ್ಯಾಬ್ರಡಾರನ್ನು ಊರಿನ ಹೋಟೆಲಿನವರು ಸಾಕಿಕೊಂಡರು.

ಅವಳಿಗೆ ವಯಸ್ಸಾಗುತ್ತಿದೆಯಲ್ಲವೇ?

ಹೌದು. ಮೂತಿ ಬೆಳ್ಳಗಾಗಿದೆ, ಮಳೆಗಾಲದಲ್ಲಿ ಹಿಂಗಾಲಿನ ಸಂದು ಹಿಡಿಯುತ್ತದೆ. ನೋವಿಗೆ ಮನುಷ್ಯರ ಮಾತ್ರೆ ಕೊಡುವುದಿಲ್ಲ. ಐಬುಪ್ರೊಫೆನ್‌ನಂಥವು ನಾಯಿಯ ಮೂತ್ರಪಿಂಡ, ಹೊಟ್ಟೆಗಳನ್ನು ಕೆಡಿಸುತ್ತವೆ. ವೈದ್ಯರು ಕೊಟ್ಟ ಔಷಧದ ಜೊತೆ, ಮಲಗಲು ಹಳೆಯ ಕಂಬಳಿಯಡಿ ಅಡಿಕೆ ಸಿಪ್ಪೆ ತುಂಬಿದ ಗೋಣಿ ಹಾಸಿ, ಬಚ್ಚಲ ಒಲೆಯ ಬೆಚ್ಚಗಿನ ಗೋಡೆಗೆ ತಾಗಿಸಿ ಜಾಗ ಮಾಡಿದ್ದೇವೆ. ಜಗಲಿಯ ಮೂರು ಮೆಟ್ಟಿಲು ಹತ್ತುವುದು ಕಷ್ಟವಾದಾಗ ಅಪ್ಪ ಹಳೆಯ ಅಡಿಕೆ ದಬ್ಬೆಗಳನ್ನು ಜೋಡಿಸಿ, ಕಾಲು ಜಾರದಂತೆ ಮೇಲೆ ಗೋಣಿ ಹೊಡೆದು ಇಳಿಜಾರು ಮಾಡಿಕೊಟ್ಟರು. ಈಗ ಅಜ್ಜಿಯೂ ಅದರ ಮೇಲೆಯೇ ಕೋಲೂರಿ ಅಂಗಳಕ್ಕೆ ಇಳಿಯುತ್ತಾರೆ.